ಮೂಡುಗಾಳಿ ಇರುವಷ್ಟು ಹೊತ್ತು

ಫೆಬ್ರವರಿ ೩, ಶನಿವಾರ. ಭಟ್ಕಳ

ಪಾಳಿ ಮುಗಿಸಿ ಏಳುವಾಗ ಮುಂದಿನ ನರ್ಸಿಗಾಗಿ ನಾಲ್ಕು ಸಾಲು ಬರೆದಿಡುವ ಅಭ್ಯಾಸ ಇನ್ನೂ ಹೋಗಿಲ್ಲ. ಈಗ ಮುಂದಿನ ನರ್ಸ್ ಇಲ್ಲ, ಪಾಳಿಯೂ ಇಲ್ಲ. ಓದುವವಳೂ ನಾನೇ.

ಅಮ್ಮ ತೀರಿಕೊಂಡು ಎರಡು ತಿಂಗಳಾಯಿತು. ನಾಲ್ಕು ವರ್ಷ ಹಾಸಿಗೆಯಲ್ಲಿದ್ದಳು. ಮಂಗಳೂರಿನ ಕೆಲಸ ಬಿಟ್ಟು ಬಂದು ಅವಳ ಮಗ್ಗುಲು ತಿರುಗಿಸಿದವಳು, ಒರೆಸಿದವಳು, ಉಣಿಸಿದವಳು ನಾನು. ಬೆಳಿಗ್ಗೆ ಎಂಟಾದರೆ ಈಗಲೂ ಕೈ ಮಾತ್ರೆ ಡಬ್ಬಿಗೆ ಹೋಗುತ್ತದೆ. ‘ಇನ್ನಾದರೂ ಆರಾಮಾಗಿರು’ ಎಂದು ಎಲ್ಲರೂ ಹೇಳುತ್ತಾರೆ. ಹೇಗೆ ಎಂದು ಯಾರೂ ಹೇಳುವುದಿಲ್ಲ. ಕೂತರೆ ಏಳಲು ಮನಸ್ಸಿಲ್ಲ, ಎದ್ದರೆ ಕೂರಲು ಮನಸ್ಸಿಲ್ಲ. ಕುಮಟಾದ ಒಂದು ಆಸ್ಪತ್ರೆಯವರು ಕೆಲಸಕ್ಕೆ ಬಾ ಎಂದಿದ್ದಾರೆ. ಉತ್ತರ ಕೊಟ್ಟಿಲ್ಲ. ಇನ್ನೊಬ್ಬರ ಮೈ ನೋಡಿಕೊಳ್ಳುವುದು ನನ್ನಿಂದಾಗದು.

ನಾಳೆ ಬೆಳಿಗ್ಗೆ ಅಣ್ಣನ ಜೊತೆ ದೋಣಿಯಲ್ಲಿ ಹೋಗಬೇಕಂತೆ. ಅಣ್ಣ ರಾಜೀವ ಎಂಟು ತಿಂಗಳು ಕೂತು ಹೆಬ್ಬಲಸಿನ ಮರದಲ್ಲಿ ಒಂದು ಹಾಯಿದೋಣಿ ಕಟ್ಟಿದ್ದಾನೆ. ಈಗ ಮರದ ದೋಣಿ ಕೇಳುವವರಿಲ್ಲ, ಎಲ್ಲ ಫೈಬರ್. ಕುಮಟಾದ ಆಚೆ ಬಾಡದಲ್ಲಿ ಮಹಾಗಣಪತಿ ಹೆಗಡೆ ಎನ್ನುವವರು ಕಡಲ ದಂಡೆಯಲ್ಲಿ ನಾಲ್ಕು ಕೋಣೆ ಕಟ್ಟಿ ಪ್ರವಾಸಿಗರಿಗೆ ಕೊಡುತ್ತಾರೆ. ಬಂದವರನ್ನು ಕೂರಿಸಿಕೊಂಡು ಹೋಗಲು ಅವರಿಗೆ ಹಾಯಿಯದೇ ದೋಣಿ ಬೇಕು, ಇಂಜಿನ್ ಬೇಡ. ದೋಣಿಯ ಜೊತೆ ಅದನ್ನು ನಡೆಸುವ ಕೆಲಸಕ್ಕೂ ಅಣ್ಣನನ್ನೇ ಗೊತ್ತು ಮಾಡಿದ್ದಾರೆ. ಜೊತೆಗೆ ಹೋಗಬೇಕಿದ್ದ ಕೇರಿಯ ಹುಡುಗ ಮಂಜು ಮಣಿಕಟ್ಟು ಮುರಿದುಕೊಂಡು ಕೂತಿದ್ದಾನೆ.

ಅತ್ತಿಗೆ ಮಾದೇವಿ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದುಕೊಂಡಳು. “ನೀನಾದ್ರೂ ಹೋಗೇ ಸುಚಿತಾ. ಅವ್ರೊಬ್ರೇ ಹೋಗೂದು ನಂಗೆ ಸರಿ ಕಾಣೂದಿಲ್ಲ.”

“ನಂಗೆಂತ ದೋಣಿ ಗೊತ್ತು ಅತ್ಗೆ?”

“ದೋಣಿ ಅವ್ರಿಗೆ ಗೊತ್ತಿದೆ. ನೀ ಸುಮ್ನೆ ಕೂತ್ಕಂಡಿರು.”

ಬೇಡ ಎನ್ನುವುದಕ್ಕೂ ಶಕ್ತಿ ಬೇಕು. ಆತು ಎಂದೆ.

ಫೆಬ್ರವರಿ ೪, ಭಾನುವಾರ. ಮುರ್ಡೇಶ್ವರ

ಮಾವಿನಕುರ್ವೆ ಬಂದರಿನಿಂದ ಆರಕ್ಕೆ ಹೊರಟೆವು. ಅತ್ತಿಗೆ ಬುತ್ತಿ ಕೊಟ್ಟಳು, ಅಣ್ಣನ ಮಗಳು ದೀಕ್ಷಾ ಮೊಬೈಲಿನಲ್ಲಿ ಫೋಟೋ ತೆಗೆದಳು. ನನ್ನ ಮುಖ ಹೇಗೆ ಬಂದಿರಬಹುದೆಂದು ಕೇಳಲಿಲ್ಲ.

ಅಣ್ಣನ ಲೆಕ್ಕ ಇಷ್ಟು: ಬೆಳಿಗ್ಗೆ ನೆಲದ ಕಡೆಯಿಂದ ಮೂಡುಗಾಳಿ ಬೀಸುತ್ತದೆ, ಹತ್ತು ಹತ್ತೂವರೆಯವರೆಗೆ. ಆ ಗಾಳಿ ಹಾಯಿಗೆ ಅಡ್ಡಲಾಗಿ ಸಿಗುತ್ತದೆ, ಅದರಲ್ಲಿ ಉತ್ತರಕ್ಕೆ ಸಾಗಬೇಕು. ನಡುವೆ ಗಾಳಿ ನಿಲ್ಲುತ್ತದೆ. ಮಧ್ಯಾಹ್ನ ಕಡಲ ಕಡೆಯಿಂದ ಪಡುಗಾಳಿ ಎದ್ದು ಎದುರಾಗುವ ಮೊದಲು ಯಾವುದಾದರೊಂದು ಊರು ಸೇರಿಬಿಡಬೇಕು. ಬಸ್ಸಿನಲ್ಲಿ ಎರಡು ತಾಸಿನ ದಾರಿಗೆ ಹೀಗೆ ಒಂದು ವಾರ.

ಬಂದರಿನ ಬಾಯಿ ದಾಟುತ್ತಲೇ ವಾಂತಿ. ಆಮೇಲೆ ಇನ್ನೊಮ್ಮೆ. ಆಮೇಲೆ ಕಣ್ಣು ಮುಚ್ಚಿ ದೋಣಿಯ ತಳದಲ್ಲಿ ಮಲಗಿದೆ. ಎಷ್ಟು ಗಂಟೆಯಾಯಿತೆಂದು ನಾಲ್ಕು ಸಲ ಕೇಳಿದೆನಂತೆ.

ಯಾರೋ ಕೂಗಿದ್ದು ಕೇಳಿ ಎದ್ದೆ. ಎಡಗಡೆಗೆ ಹತ್ತು ಮಾರು ದೂರದಲ್ಲಿ ಒಂದು ಬಲೆದೋಣಿ. ಅದರಲ್ಲಿದ್ದವನು ಕೈ ಬೀಸಿ ಬೈಯುತ್ತಿದ್ದ. ಅಣ್ಣ ಚುಕ್ಕಾಣಿ ಎಳೆದ, ದೋಣಿ ವಾಲಿತು, ಅವರ ಬಲೆಯ ತೇಲುಬೂಚುಗಳು ನಮ್ಮ ಮಗ್ಗುಲಿಗೆ ಬಡಿದು ಹಿಂದಕ್ಕೆ ಹೋದವು.

“ಕಣ್ಣು ಕುರುಡಾ ನಿಂದು?” ಎಂದ ಆ ಮನುಷ್ಯ.

ಅಣ್ಣ ನಕ್ಕ. ಅಣ್ಣ ಅಂಥ ಮಾತಿಗೆ ನಗುವವನಲ್ಲ.

ಮುರ್ಡೇಶ್ವರದಲ್ಲಿ ಲಂಗರು ಹಾಕಿದ ಮೇಲೆ ಫ್ಲಾಸ್ಕಿನ ಚಹಾವನ್ನು ಅವನ ಪಕ್ಕಕ್ಕೆ ಹಿಡಿದೆ. ಅವನು ಎದುರಿಗೇ ನೋಡುತ್ತ, “ಚಾ ಕೊಡ್ತ್ಯಾ?” ಎಂದ. ಲೋಟ ಅವನ ಭುಜದ ಹತ್ತಿರವೇ ಇತ್ತು.

ದಣಿದಿದ್ದೇನೆ. ಇದರ ಬಗ್ಗೆ ಯೋಚಿಸಲು ಇಷ್ಟವಿಲ್ಲ.

ಫೆಬ್ರವರಿ ೫, ಸೋಮವಾರ. ಮುರ್ಡೇಶ್ವರ

ಯೋಚಿಸಬೇಕಾಯಿತು.

ಬೆಳಿಗ್ಗೆ ಗಾಳಿಯೇ ಇರಲಿಲ್ಲ. ದಂಡೆಯ ಮೇಲೆ ತಿಂಡಿ ತಿಂದು ಬರುವಾಗ ಒಣಹಾಕಿದ ಬಲೆಗೆ ಅಣ್ಣ ಕಾಲು ಸಿಕ್ಕಿಸಿಕೊಂಡು ಮುಗ್ಗರಿಸಿದ. ಅವನನ್ನು ಮರಳ ಮೇಲೆ ಕೂರಿಸಿದೆ. “ನನ್ನ ಮೂಗೇ ನೋಡ್ತಾ ಇರು” ಎಂದು ಹೇಳಿ ಎರಡೂ ಕೈಯ ಬೆರಳುಗಳನ್ನು ಆಚೀಚೆಯಿಂದ ನಿಧಾನ ಒಳಗೆ ತಂದೆ. ಕಂಡಾಗ ಹೇಳು ಎಂದೆ. ಬೆರಳು ನನ್ನ ಕಿವಿ ದಾಟಿತು, ಕೆನ್ನೆಗೆ ಬಂತು. ಅವನು ಸುಮ್ಮನಿದ್ದ. ಮೂಗಿನ ಹತ್ತಿರ ಬಂದಾಗ, “ಈಗ” ಎಂದ.

“ಎಷ್ಟು ದಿನ ಆತು ಅಣ್ಣಾ?”

“ಎಂತದು?”

“ಸುಳ್ಳು ಹೇಳ್ಬ್ಯಾಡ.”

ಸ್ವಲ್ಪ ಹೊತ್ತು ಮರಳು ಕೆದಕಿದ. ಎರಡು ವರ್ಷದ ಹಿಂದೆ ಉಡುಪಿಯಲ್ಲಿ ತೋರಿಸಿದ್ದನಂತೆ. ಗ್ಲಾಕೋಮಾ. ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಬೇಕು, ದಿನಾ ಔಷಧಿ ಬಿಡಬೇಕು ಎಂದಿದ್ದರಂತೆ. ನಾಲ್ಕು ತಿಂಗಳು ಬಿಟ್ಟ, ಆಮೇಲೆ ನಿಲ್ಲಿಸಿದ.

“ಎದ್ರಿಗಿದ್ದದ್ದು ಸಮಾ ಕಾಣ್ತದೆ. ಉಳಿ ಹಿಡ್ದು ಕೆಲ್ಸ ಮಾಡೂಕೆ ಎಂತ ತೊಂದ್ರೆ ಇಲ್ಲ. ಬದಿಗೆ ಮಾತ್ರ ಹೊಗೆ ಕಟ್ಟಿದಂಗೆ.”

“ಮನೇಲಿ ನರ್ಸು ಕೂತಿದ್ನಲ್ಲ ನಾನು! ನಂಗಾದ್ರೂ ಹೇಳೂಕೆ ಎಂತ ಆಗಿತ್ತು?”

“ನಿಂಗೆ ಅಮ್ಮಂದೇ ಸಾಕಾಗಿತ್ತಲ್ಲ ತಂಗಿ.”

ಅಳು ಬರಬೇಕಿತ್ತು, ಸಿಟ್ಟು ಬಂತು. ಎದ್ದು ಚೀಲ ತೆಗೆದುಕೊಂಡು ಹೆದ್ದಾರಿಯವರೆಗೆ ಬಿಸಿಲಲ್ಲಿ ನಡೆದೆ. ಭಟ್ಕಳದ ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು. ನಾಲ್ಕು ವರ್ಷ ಒಂದು ಮೈ ನೋಡಿಕೊಂಡು ಮುಗಿಸಿದೆ, ಈಗ ಎರಡನೆಯದು ಸಾಲಿನಲ್ಲಿ ನಿಂತಿದೆ. ಅಷ್ಟೇ ತಲೆಯಲ್ಲಿದ್ದದ್ದು. ಆಮೇಲೆ ಇದೂ ಹೊಳೆಯಿತು: ನಾನು ಬಸ್ಸು ಹತ್ತಿದರೆ ಅವನು ಒಬ್ಬನೇ ಹೊರಟೇಬಿಡುತ್ತಾನೆ. ಮುಂದೆ ಹೊನ್ನಾವರದ ಅಳಿವೆ ಇದೆ. ಶರಾವತಿ ಕಡಲಿಗೆ ಸೇರುವ ಆ ಬಾಯಲ್ಲಿ ಎಷ್ಟು ದೋಣಿ ಮಗುಚಿವೆ ಎಂದು ನಮ್ಮ ಕೇರಿಯ ಮಕ್ಕಳಿಗೂ ಗೊತ್ತು.

ಸಂಜೆ ಹಿಂದೆ ಬಂದೆ. ಅವನು ಕೂತಲ್ಲೇ ಕೂತಿದ್ದ. ಬುತ್ತಿಯಲ್ಲಿ ಉಳಿದ ಒಣಸಿಗಡಿ ಚಟ್ನಿ ಹಂಚಿಕೊಂಡೆವು.

ಫೆಬ್ರವರಿ ೬, ಮಂಗಳವಾರ. ಮುರ್ಡೇಶ್ವರ

“ಚುಕ್ಕಾಣಿ ನಾ ಹಿಡೀತೆ. ನೀ ಹೇಳ್ಕೊಡು. ಇಲ್ದಿದ್ರೆ ಇಲ್ಲೇ ದೋಣಿ ಕಟ್ಟಿ ಬಸ್ಸಿಗೆ ಹೋಗ್ವ.” ಬೆಳಿಗ್ಗೆ ಇಷ್ಟು ಹೇಳಿದೆ. ಅವನು ತುಂಬ ಹೊತ್ತು ದೋಣಿಯ ಅಂಚು ಸವರಿದ. ಮತ್ತೆ ಹಿಂದಿನ ಹಲಗೆಯಿಂದ ಎದ್ದು ಮುಂದೆ ಹೋಗಿ ಕೂತ.

ಊರಿನ ಎದುರಿಗೇ ಆಚೆಗೂ ಈಚೆಗೂ ಮೂರು ತಾಸು ಅಲೆದೆವು. ಹಾಯಿ ಬಡಿದುಕೊಂಡಿತು, ಹಗ್ಗ ಅಂಗೈ ಸುಟ್ಟಿತು. ಎಡಕ್ಕೆ ಹೋಗಬೇಕೆಂದರೆ ಚುಕ್ಕಾಣಿಯ ಹಿಡಿಯನ್ನು ಬಲಕ್ಕೆ ತಳ್ಳಬೇಕು. ಇದು ಯಾವ ನ್ಯಾಯವೋ.

“ಬಾವುಟ ನೋಡ್ಬ್ಯಾಡ. ಗಾಳಿ ಕೆನ್ನೆಗೆ ತಾಗ್ತದಲ್ಲ, ಅದ್ರ ಮೇಲೆ ಮನ್ಸಿಡು. ಕೆನ್ನೆ ಬಿಟ್ಟು ಕಿವಿ ಹಿಂದೆ ಹೋದ್ರೆ ಗಾಳಿ ತಿರುಗ್ತು ಅಂತ ಲೆಕ್ಕ.”

“ಯಾರು ಹೇಳ್ಕೊಟ್ರು ನಿಂಗೆ?”

“ಅಪ್ಪ.”

ಅಪ್ಪ ಸತ್ತಾಗ ನನಗೆ ಎಂಟು ವರ್ಷ. ನನಗೆ ಹೇಳಿಕೊಡಲು ಅವನಿಗೆ ಸಮಯ ಸಿಗಲಿಲ್ಲ. ಸಿಕ್ಕಿದ್ದರೂ ಹೆಣ್ಣುಮಗಳಿಗೆ ಹೇಳಿಕೊಡುತ್ತಿದ್ದನೋ ಇಲ್ಲವೋ.

ಬೆನ್ನು, ಭುಜ, ಕುತ್ತಿಗೆ, ಎಲ್ಲ ನೋವು. ಇವತ್ತು ವಾಂತಿ ಇಲ್ಲ.

ಫೆಬ್ರವರಿ ೭, ಬುಧವಾರ. ಮಂಕಿ

ಗಾಳಿ ಬಂತು, ಒಂಬತ್ತಕ್ಕೇ ಸತ್ತಿತು. ಹುಟ್ಟು ಹಾಕಿ ಮಂಕಿ ಸೇರಿದೆವು. ದಂಡೆಯ ಮನೆಯ ನೇತ್ರಾ ಎಂಬುವಳು ಗಂಜಿ, ಬಂಗಡೆ ಸಾರು ಕೊಟ್ಟಳು. “ಹೆಂಗ್ಸು ಹಾಯಿ ಬಿಡೂದು ನಾ ಕಂಡದ್ದೇ ಇಲ್ಲೆ ಮಾರಾಯ್ತಿ” ಎಂದಳು. ನಾನೂ ಕಂಡಿರಲಿಲ್ಲ.

ಫೆಬ್ರವರಿ ೮, ಗುರುವಾರ. ಹೊನ್ನಾವರ

ಅಕ್ಷರ ಸೊಟ್ಟ ಬಂದರೂ ಇವತ್ತಿನದು ಇವತ್ತೇ ಬರೆಯಬೇಕು.

ನಾಳೆ ಅಮಾವಾಸ್ಯೆ. ಈ ದಿನಗಳಲ್ಲಿ ಉಬ್ಬರ ಹತ್ತೂವರೆ ಹನ್ನೊಂದಕ್ಕೆ ತುಂಬುತ್ತದೆ. ನೀರು ಏರುತ್ತಿರುವಾಗಲೇ ಅಳಿವೆ ಹೊಕ್ಕುಬಿಡುವುದು ಅಣ್ಣನ ಯೋಚನೆಯಾಗಿತ್ತು. ಅಳಿವೆಯ ಈ ದಡದ ಕಾಸರಕೋಡಿನ ಗಾಳಿಮರಗಳು ಕಾಣುತ್ತಿದ್ದಂತೆ ಗಾಳಿ ನಿಂತಿತು. ಎರಡೂವರೆ ತಾಸು ಎಣ್ಣೆಯಂಥ ನೀರಿನ ಮೇಲೆ ಸುಮ್ಮನೆ ತೇಲಿದೆವು. ಹುಟ್ಟು ಹಾಕಿ ಹಾಕಿ ತೋಳು ಬಿದ್ದುಹೋಯಿತು. ಪಡುಗಾಳಿ ಏಳುವಾಗ ಹನ್ನೆರಡೂವರೆ. ಅಷ್ಟರಲ್ಲಿ ಇಳಿತ ಶುರುವಾಗಿತ್ತು. ಒಳಗಿನ ಹೊಳೆಯ ನೀರು ಹೊರಗೆ ನುಗ್ಗುತ್ತಿದೆ, ಹೊರಗಿನ ಗಾಳಿ ತೆರೆಗಳನ್ನು ಒಳಗೆ ದಬ್ಬುತ್ತಿದೆ. ಎರಡೂ ಕೂಡುವ ಬಾಯಲ್ಲಿ ಬಿಳಿ ನೊರೆ.

“ಹೊರಗೇ ಲಂಗರು ಹಾಕಿ ಕಾಯ್ವನಾ?” ಎಂದೆ.

“ಮುಂದಿನ ಉಬ್ಬರ ಕತ್ಲೆಲಿ. ಗಾಳಿ ಇನ್ನೂ ಏರ್ತದೆ, ಲಂಗರು ಹಿಡಿಯೂದಿಲ್ಲ. ಈಗ್ಲೇ ಹೋಗೂದು. ಚುಕ್ಕಾಣಿ ಇಲ್ಲಿ ಕೊಡು.”

“ಕೊಡೂದಿಲ್ಲ.”

“ಸುಚಿತಾ, ಇದು ಆಟ ಅಲ್ಲ. ಈ ಅಳಿವೆ ನಂಗೆ ಬಾಯಿಪಾಠ.”

“ಬಾಯಿಪಾಠ ಮಾಡಿದ ಮೇಲೆ ಎಷ್ಟು ಮಳೆಗಾಲ ಹೋಯ್ತು? ಮರಳ ದಿಬ್ಬ ನಿನ್ನ ಕಾಯ್ತಾ ಅಲ್ಲೇ ಕೂತಿರ್ತದ್ಯಾ? ಎಡಕ್ಕೆಂತ ಕಾಣ್ತದೆ ಹೇಳು, ತಲೆ ತಿರುಗ್ಸದೆ.”

“ನೀರು.”

ಎಡಕ್ಕೆ ಇಪ್ಪತ್ತು ಮಾರು ಆಚೆ ಆಳೆತ್ತರದ ತೆರೆ ಮರಳದಿಬ್ಬಕ್ಕೆ ಹೊಡೆದು ಒಡೆಯುತ್ತಿತ್ತು. ಅದರ ಸದ್ದು ಅವನಿಗೂ ಕೇಳಿತು. ಆ ಕಡೆ ತಲೆ ತಿರುಗಿಸಿದ, ಕಂಡ. ಅವನ ಮುಖ ನೋಡಲಾಗಲಿಲ್ಲ. ಹಾಯಿಯ ಹಗ್ಗ ಕೈಗೆ ಸುತ್ತಿಕೊಂಡ.

“ಆತು. ನೀ ಕಾಣು, ನಾ ಎಳೀತೆ. ಎಲ್ಲಿ ನೊರೆ ಇಲ್ವೋ ಅಲ್ಲಿ ಆಳ ಇರ್ತದೆ. ತೆರೆಗೆ ಬೆನ್ನು ಕೊಟ್ಟೇ ಇರು. ಹೆದ್ರಿ ಅಡ್ಡ ತಿರುಗ್ಸಿದ್ರೆ ಮಗುಚ್ತು.”

ಎರಡು ನೊರೆಗಳ ನಡುವೆ ಕಪ್ಪು ನೀರಿನ ಒಂದು ದಾರಿ ಕಂಡಿತು, ನಮ್ಮ ಕೇರಿಯ ಓಣಿಯಷ್ಟು ಅಗಲ. ಅದಕ್ಕೇ ಮೂತಿ ಹಿಡಿದೆ. ಹಿಂದಿನಿಂದ ತೆರೆ ಬಂದು ದೋಣಿಯ ಬೆನ್ನೆತ್ತಿತು. ಚುಕ್ಕಾಣಿ ಕೈಯಲ್ಲಿ ಹಗುರಾಯಿತು, ಹಿಡಿತವೇ ಇಲ್ಲ. “ಬಿಡು ಹಗ್ಗ!” ಎಂದು ಕೂಗಿದೆ. ವಾರ್ಡಿನಲ್ಲಿ ರೋಗಿಯ ಉಸಿರು ನಿಂತಾಗ ಕೂಗುವ ದನಿ ಅದು. ನಾಲ್ಕು ವರ್ಷದಿಂದ ನನ್ನ ಬಾಯಲ್ಲಿ ಬಂದಿರಲಿಲ್ಲ. ಅಣ್ಣ ಮರುಕ್ಷಣ ಬಿಟ್ಟ. ತೆರೆ ಕೆಳಗಿನಿಂದ ಹಾದುಹೋಯಿತು. ಎರಡನೆಯದು ಅರ್ಧ ಒಳಗೇ ಸುರಿಯಿತು, ಮೊಣಕಾಲಿನವರೆಗೆ ನೀರು. “ಎಳಿ! ಎಳಿ!” ಎಳೆದ. ಹಾಯಿ ತುಂಬಿತು. ಮೂರನೆಯದು ಎಲ್ಲಿ ಹೋಯಿತೋ ಗೊತ್ತಿಲ್ಲ. ಎಚ್ಚರ ಬಂದಂತೆ ನೋಡಿದಾಗ ನೀರು ತಣ್ಣಗಿತ್ತು, ಎದುರಿಗೆ ಹೆದ್ದಾರಿಯ ಸೇತುವೆ, ಅದರ ಮೇಲೆ ಲಾರಿಗಳು.

ಅಣ್ಣ ಬಕೆಟ್ಟಿನಲ್ಲಿ ನೀರು ಗೋರುತ್ತ ಗೋರುತ್ತ ನಿಲ್ಲಿಸಿದ. “ನಾ ಹಿಡ್ದಿದ್ರೆ ದಿಬ್ಬಕ್ಕೇ ಹಾಕ್ತಿದ್ದೆ” ಎಂದ. ನನಗಲ್ಲ, ನೀರಿಗೆ ಹೇಳಿದ ಹಾಗೆ.

ಫೆಬ್ರವರಿ ೯, ಶುಕ್ರವಾರ. ಹೊನ್ನಾವರ

ಹತ್ತು ತಾಸು ನಿದ್ದೆ ಮಾಡಿದೆ. ಎದ್ದಾಗ ಒಂಬತ್ತು ದಾಟಿತ್ತು.

ಪೇಟೆಗೆ ಹೋಗಿ ಕಣ್ಣಿನ ಔಷಧಿ ತಂದೆ. ಹಳೆಯ ಚೀಟಿಯ ಫೋಟೋ ಅವನ ಮೊಬೈಲಿನಲ್ಲೇ ಇತ್ತು, ಎರಡು ವರ್ಷ. ದಂಡೆಯ ಕಟ್ಟೆಯ ಮೇಲೆ ಕೂತು ಅವನು ತಲೆ ಹಿಂದಕ್ಕೆ ಚಾಚಿ ಕಣ್ಣರಳಿಸಿದ, ನಾನು ಬಿಡುತ್ತೇನೆಂದು. ನನ್ನ ಕೈ ಮುಂದೆ ಹೋಗಿತ್ತು. ಹಿಂದೆ ತೆಗೆದುಕೊಂಡು ಬಾಟಲಿಯನ್ನು ಅವನ ಕೈಗೇ ಕೊಟ್ಟೆ.

“ನೀನೇ ಬಿಡೂಕೆ ಕಲಿ.”

ಮೊದಲ ಹನಿ ಕೆನ್ನೆಗೆ, ಎರಡನೆಯದು ಮೀಸೆಗೆ. ನಾಲ್ಕನೆಯದು ಸರಿಯಾಗಿ ಬಿತ್ತು.

ಆಮೇಲೆ ಬಾಡದ ಮಾತು ಬಂತು. ಹೆಗಡೆಯವರಿಗೆ ಇದನ್ನು ಹೇಳಬೇಕು ಎಂದೆ.

“ಅದೊಂದು ಮಾಡ್ಬ್ಯಾಡ. ದೋಣಿ ಕಟ್ಟೂ ಕೆಲ್ಸ ಮುಗೀತು. ಇನ್ನು ಯಾರೂ ಕಟ್ಸೂದಿಲ್ಲ. ನಂಗೆ ಬರೂದು ಇದೊಂದೇ ಸುಚಿತಾ. ಬಾಡದ ಕಡ್ಲು ಮಳೆಗಾಲ ಬಿಟ್ರೆ ಸಾಧು. ಅಳಿವೆ ಇಲ್ಲ, ದಿಬ್ಬ ಇಲ್ಲ.”

“ಬದಿಯಿಂದ ಬಲೆದೋಣಿ ಬರೂದಿಲ್ವಾ? ದೋಣೀಲಿ ಮಕ್ಳು ಇರ್ತ್ರು.”

“ನಿಂಗೆ ಅರ್ಥ ಆಗೂದಿಲ್ಲ.”

“ನೀ ಹೇಳ್ದಿದ್ರೆ ನಾ ಹೇಳ್ತೆ.”

ಅಣ್ಣ ಎದ್ದು ಹೋದ. ಹೋಗುವಾಗ ಕಟ್ಟೆಯ ಕಂಬಕ್ಕೆ ಭುಜ ತಾಗಿಸಿಕೊಂಡ. ನಾನು ನೋಡಲಿಲ್ಲ ಎಂದುಕೊಂಡಿರಬೇಕು.

ಅತ್ತಿಗೆಗೆ ಫೋನ್ ಮಾಡಿದೆ. ಅಣ್ಣನ ಕಣ್ಣಿನ ವಿಷಯ ಹೇಳಿದೆ. “ಎಂತೋ ಇದೆ ಅಂತ ಅನ್ಸಿತ್ತು. ಅದ್ಕೇ ನಿನ್ನ ಕಳ್ಸಿದ್ದು” ಎಂದಳು. ಸಿಟ್ಟು ಬರಲಿಲ್ಲ. ಸಿಟ್ಟಿಗೂ ಶಕ್ತಿ ಬೇಕಲ್ಲ.

ಫೆಬ್ರವರಿ ೧೧, ಭಾನುವಾರ. ಕುಮಟಾ, ಹೆಡ್‌ಬಂದರು

ನಿನ್ನೆ ಬೆಳಿಗ್ಗೆ ಮೂಡುಗಾಳಿ ಇರುವಾಗಲೇ, ಏರುವ ನೀರಿನಲ್ಲಿ ಅಳಿವೆಯಿಂದ ಹೊರಗೆ ಬಂದೆವು. ತೊಟ್ಟಿಲಿನ ಹಾಗಿತ್ತು, ಅದೇ ಅಳಿವೆ. ಬಲಕ್ಕೆ ಕರ್ಕಿ ಹಿಂದೆ ಸರಿಯಿತು. ರಾತ್ರಿ ಧಾರೇಶ್ವರದಲ್ಲಿ ಕಳೆದೆವು.

ಎರಡು ದಿನದಿಂದ ಅಣ್ಣ ಗಾಳಿಯ ಮಾತು ಬಿಟ್ಟು ಬೇರೆ ಮಾತಾಡಿಲ್ಲ. ‘ಎಳೀಲಾ?’ ‘ಬಿಡ್ಲಾ?’ ಅಷ್ಟೇ. ಧಾರೇಶ್ವರ ದಾಟಿದ ಮೇಲೆ ಗಾಳಿ ಬಡಗಕ್ಕೆ ಸರಿಯಿತು. ಕಡಲ ಮೇಲೆ ಆ ಕಡೆಯಿಂದ ಗಾಳಿ ಕಪ್ಪಾಗಿ ಚರ್ಮ ಸುಕ್ಕುಗಟ್ಟಿದಂತೆ ಬರುತ್ತದೆ, ಮುಟ್ಟುವ ಮೊದಲೇ ಗೊತ್ತಾಗುತ್ತದೆ. ಅವನು ಕೇಳುವ ಮೊದಲೇ ಹಗ್ಗ ಎಳೆ ಎಂದೆ.

ಕುಮಟಾ ಪೇಟೆಗೆ ರಿಕ್ಷಾದಲ್ಲಿ ಹೋಗಿ ಅಕ್ಕಿ, ಈರುಳ್ಳಿ ತಂದೆ. ಕೆಲಸಕ್ಕೆ ಕರೆದ ಆಸ್ಪತ್ರೆಯ ಎದುರಿಗೇ ಹಾದು ಬಂದಿದ್ದೆ. ದೋಣಿಗೆ ಬಂದ ಮೇಲೆ ನೆನಪಾಯಿತು.

ಫೆಬ್ರವರಿ ೧೨, ಸೋಮವಾರ. ಬಾಡ

ಒಂಬತ್ತೂವರೆಗೆ ಬಾಡ ಮುಟ್ಟಿದೆವು. ಇಡೀ ಮನೆ ದಂಡೆಯಲ್ಲಿ ನಿಂತಿತ್ತು: ಹೆಗಡೆಯವರು, ಅವರ ಹೆಂಡತಿ ಶ್ರೀಮತಿ, ಸೊಸೆ ಅರ್ಚಿತಾ, ಅವಳ ಸೊಂಟದ ಮೇಲೆ ಮೂರು ವರ್ಷದ ಮೊಮ್ಮಗಳು. ಹೆಗಡೆಯವರು ಪಂಚೆ ಎತ್ತಿ ಕಟ್ಟಿ ನೀರಿಗೇ ಇಳಿದು ಬಂದು ದೋಣಿಯ ಮೈ ಸವರಿದರು.

“ಭಾರೀ ಚೊಲೋ ಆಯ್ದು ರಾಜೀವ! ಬನ್ನಿ ಎಲ್ಲಾ, ಹತ್ತಿ. ಈಗ್ಲೇ ಒಂದು ಸುತ್ತು ಹೋಗಿ ಬರುವಾ.”

“ಅವ್ಕೆ ಮೊದ್ಲು ಚಾ ಕೊಡೂದು ಬ್ಯಾಡ್ದಾ?” ಎಂದರು ಶ್ರೀಮತಿ. “ತಡಿರಿ, ತಗಂಡು ಬತ್ತೆ.”

ಯಾರೂ ಕಾಯಲಿಲ್ಲ. ಅರ್ಚಿತಾ ಮಗುವನ್ನು ಅಣ್ಣನ ಕಡೆ ಚಾಚಿದಳು. ಮಗು ಅವನ ಪಕ್ಕದಲ್ಲಿತ್ತು, ಎರಡೂ ಕೈ ಮುಂದೆ ಚಾಚಿಕೊಂಡು. ಅಣ್ಣ ಎದುರಿಗೆ ಹೆಗಡೆಯವರನ್ನೇ ನೋಡುತ್ತಿದ್ದ. “ಹಿಡ್ಕಳಿ” ಎಂದು ಅರ್ಚಿತಾ ಇನ್ನೇನು ಕೈ ಬಿಡುವವಳು.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಮಗುವಿನ ಬೆರಳು ಅವನ ತೋಳಿಗೆ ತಾಗಿತು. ಅಣ್ಣ ಬೆಚ್ಚಿ ತಿರುಗಿದ. ಮಗುವನ್ನು ನೋಡಿದ, ತಾಯಿಯನ್ನು ನೋಡಿದ. ತೆಗೆದುಕೊಳ್ಳಲಿಲ್ಲ.

“ಕೂಸನ್ನ ನನ್ನ ಕೈಲಿ ಕೊಡ್ಬ್ಯಾಡಿ ಅಮ್ಮಾ” ಎಂದ. ಮತ್ತೆ ಹೆಗಡೆಯವರ ಕಡೆ ತಿರುಗಿ, “ನಂಗೆ ಬದಿಗಿದ್ದದ್ದು ಕಾಣೂದಿಲ್ಲ ಹೆಗಡ್ರೆ. ಕಣ್ಣು ಹೋಗ್ತಾ ಇದೆ. ನಿಮ್ಮ ಹತ್ರ ಮುಚ್ಚಿಟ್ಟೆ. ದೋಣಿ ತಕಣಿ. ನಡ್ಸೂಕೆ ಬೇರೆ ಜನ ನೋಡಿ.”

ಹೆಗಡೆಯವರ ನಗು ನಿಧಾನ ಇಳಿಯಿತು. “ಇದನ್ನ ಆವಾಗ್ಲೇ ಹೇಳ್ಬೇಕಾಗಿತ್ತಲ್ಲ ಮಾರಾಯ. ನಾ ಜನ್ರನ್ನ ಕೂರ್ಸೂಕೆ ದೋಣಿ ಮಾಡ್ಸಿದ್ದು.”

“ಹೌದು. ತಪ್ಪಾಯ್ತು.”

“ಮತ್ತೆ ಇಲ್ಲೀವರೆಗೆ ಹೆಂಗೆ ತಂದೆ? ಆ ಅಳಿವೆ ದಾಟಿ?”

“ನಾ ತರ್ಲಿಲ್ಲ. ನನ್ನ ತಂಗಿ ತಂದದ್ದು.”

ಎಲ್ಲರೂ ನನ್ನ ಕಡೆ ನೋಡಿದರು. ನಾನು ಕಡಲು ನೋಡಿದೆ. “ಇವತ್ತು ಹೊರಡೂದು ಬ್ಯಾಡ” ಎಂದೆ. “ಮೂಡುಗಾಳಿ ಮುಗೀತಾ ಬಂತು. ನಾಳೆ ಏಳಕ್ಕೆ ತಯಾರಾಗಿ. ಕೂಸಿಗೆ ಒಂದು ಟೊಪ್ಪಿ ಇರ್ಲಿ.”

ಸಂಜೆ ಹೆಗಡೆಯವರು ಅಣ್ಣನ ಪಕ್ಕ ಕೂತು ಬಹಳ ಹೊತ್ತು ಮಾತಾಡಿದರು. ಅವರಿಗೆ ಬೇಸರ ಹೋಗಿಲ್ಲ, ಅದನ್ನು ಮುಚ್ಚಲೂ ಇಲ್ಲ. ಹಾಯಿ ನಡೆಸುವವರು ಈಗ ಎಲ್ಲಿ ಸಿಗುತ್ತಾರೆ ಎಂದು ಎರಡು ಮೂರು ಸಲ ಅಂದರು. ಮಂಗಳೂರಿನ ಕಣ್ಣಿನ ಡಾಕ್ಟರರ ಬಳಿ ಗುರುವಾರಕ್ಕೆ ಹೆಸರು ಬರೆಸಿದೆ. ಅಣ್ಣ, ಅತ್ತಿಗೆ ಇಬ್ಬರೇ ಹೋಗುತ್ತಾರೆ. ಬಸ್ಸು ಎಷ್ಟಕ್ಕೆಂದು ಅತ್ತಿಗೆಗೆ ಹೇಳಿದ್ದೇನೆ.

ಫೆಬ್ರವರಿ ೧೩, ಮಂಗಳವಾರ. ಬಾಡ

ಏಳಕ್ಕೆ ಹೊರಟೆವು. ಹೆಗಡೆಯವರು ಹಗ್ಗಕ್ಕೆ, ನಾನು ಚುಕ್ಕಾಣಿಗೆ, ನಡುವೆ ಶ್ರೀಮತಿ, ಅರ್ಚಿತಾ, ಟೊಪ್ಪಿ ಹಾಕಿದ ಮಗು. ಅಣ್ಣ ಬರಲಿಲ್ಲ. “ಕಟ್ಟಿದವ ಒಂದ್ಸಲ ದಂಡೆ ಮೇಲೆ ನಿಂತು ನೋಡ್ಬೇಕು” ಎಂದ.

ಗಾಳಿ ಹದವಾಗಿತ್ತು. ಮೀನೊಂದು ಹಾರಿದ್ದಕ್ಕೆ ಮಗು ಚಪ್ಪಾಳೆ ತಟ್ಟಿತು. ಹೆಗಡೆಯವರಿಗೆ ಹಗ್ಗ ಯಾವಾಗ ಬಿಡಬೇಕೆಂದು ಗೊತ್ತಾಗುವುದಿಲ್ಲ, ಎರಡು ಸಲ ಗದರಿಸಿದೆ. ಶ್ರೀಮತಿಯವರಿಗೆ ಅದು ಖುಷಿಯಾಯಿತು.

ಕಾಲು ಮೈಲಿ ಹೋಗಿ ತಿರುಗಿ ನೋಡಿದಾಗ ದಂಡೆಯ ಮೇಲೆ ಅಣ್ಣ ಸಣ್ಣದಾಗಿ ಕಂಡ. ಕೈ ಎತ್ತಿ ಬೀಸುತ್ತಿದ್ದ. ಹೆಗಡೆಯವರೂ ಮಗುವೂ ತಿರುಗಿ ಬೀಸಿದರು. ಆದರೆ ಅವನು ಬೀಸುತ್ತಿದ್ದದ್ದು ನಮಗಲ್ಲ. ತೆಂಕಲ ಕಡೆ, ಬರಿಯ ನೀರಿಗೆ. ಅಲ್ಲಿ ದೋಣಿ ಇರಬೇಕೆಂದು ಎಣಿಸಿದ್ದ. ಬೀಸುವುದು ನಿಲ್ಲಿಸಿದ. ತಲೆಯನ್ನು ಅಷ್ಟಷ್ಟೇ ತಿರುಗಿಸುತ್ತ ಹುಡುಕಿದ, ಅವನ ನೋಟ ನಮ್ಮನ್ನು ದಾಟಿ ಬಡಗಕ್ಕೆ ಹೋಯಿತು, ಮತ್ತೆ ತೆಂಕಲಿಗೇ ಬಂತು. ಸಿಗಲಿಲ್ಲ. ಕೂಗಿದರೆ ಕೇಳಿಸುವಷ್ಟು ಹತ್ತಿರ ಇರಲಿಲ್ಲ.

“ಎಂತ ಆತು?” ಎಂದರು ಹೆಗಡೆಯವರು.

“ಹಗ್ಗ ಬಿಡಿ ಸ್ವಲ್ಪ” ಎಂದೆ.

ಹಿಡಿಯನ್ನು ಬಲಕ್ಕೆ ತಳ್ಳಿದೆ. ದೋಣಿ ತೆಂಕಲಿಗೆ ಹೊರಳಿತು. ಅವನು ಮುಖ ಮಾಡಿ ನಿಂತ ಕಡೆಗೇ ಹೋದೆ, ಅವನ ಮೂಗಿನ ನೇರಕ್ಕೆ ಬರುವವರೆಗೆ. ಅಲ್ಲಿಗೆ ಬಂದಾಗ ಮೂತಿಯನ್ನು ಗಾಳಿಗೆ ಕೊಟ್ಟು ನಿಲ್ಲಿಸಿದೆ.

ಅಣ್ಣ ನಮ್ಮನ್ನು ಕಂಡ. ಎರಡೂ ಕೈ ಎತ್ತಿದ.